ಖಾಲಿ ಹೊಟ್ಟೆಯಲ್ಲಿ ಏರಿದ ಸಕ್ಕರೆ

ಸಕ್ಕರೆ ಕಾಯಿಲೆಯವನ ಮನೆಯಲ್ಲಿ ನಗುವಂಥದ್ದು ಏನೂ ನಡೆಯುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅವರು ನಮ್ಮ ಮನೆಗೆ ಬಂದಿಲ್ಲ ಎಂದೇ ಅರ್ಥ. ನಮ್ಮಲ್ಲಿ ವಾರಕ್ಕೊಂದಾದರೂ ಆಗುತ್ತಲೇ ಇರುತ್ತದೆ, ಅದೂ ಬೆಳ್ಳಂಬೆಳಿಗ್ಗೆ. ನನ್ನನ್ನು ಬಿಟ್ಟು ಉಳಿದವರೆಲ್ಲ ನಗುತ್ತಾರೆ.

ನಾನು ಘಾಟ್ಕೋಪರಿನಲ್ಲಿ, ಸ್ಟೇಷನ್ನಿನಿಂದ ಐದು ನಿಮಿಷದ ದಾರಿಯಲ್ಲಿ, ಹನ್ನೆರಡು ಟೇಬಲ್ಲಿನ ಸಣ್ಣ ಹೋಟೆಲು ನಡೆಸುವವನು. ಉಡುಪಿ ಕಡೆಯವನು ಎಂದು ಬೇರೆ ಹೇಳಬೇಕಾಗಿಲ್ಲ. ನಾಲ್ಕೂವರೆಗೆ ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋಗಿ, ಆರಕ್ಕೆ ಮುಂದಿನ ಶಟರ್ ಎತ್ತಿ, ಗಲ್ಲಾದ ಹಿಂದೆ ಕುರ್ಚಿಯಲ್ಲಿ ಕೂರುವುದು ಇಪ್ಪತ್ತೆಂಟು ವರ್ಷಗಳ ಅಭ್ಯಾಸ. ನಾಲ್ಕು ವರ್ಷದ ಹಿಂದೆ ಸಕ್ಕರೆ ಬಂತು. ಮಾತ್ರೆ ನುಂಗುತ್ತೇನೆ, ಸಂಜೆ ನಡೆಯುತ್ತೇನೆ, ಉಳಿದ ಹೊತ್ತಿನಲ್ಲಿ ಪರವಾಗಿಲ್ಲ. ತಕರಾರು ಇರುವುದು ಬೆಳಗಿನದ್ದು ಮಾತ್ರ. ರಾತ್ರಿ ಮಲಗುವಾಗ ನೂರಾ ಮೂವತ್ತು ತೋರಿಸಿದ ಮಷೀನು, ಬೆಳಿಗ್ಗೆ ಏಳಕ್ಕೆ ಗಲ್ಲಾದಲ್ಲಿ ಕೂತು ಬೆರಳು ಚುಚ್ಚಿದರೆ ನೂರಾ ತೊಂಬತ್ತು, ಇನ್ನೂರು ಅನ್ನುತ್ತದೆ. ಮಧ್ಯೆ ನಾನು ಒಂದು ತುತ್ತು ತಿಂದವನಲ್ಲ.

ನಾವು ಮನೆಯಲ್ಲಿ ಮಾತಾಡುವುದು ತುಳು. ನನ್ನ ಹೆಂಡತಿಗೆ ಸಿಟ್ಟು ಬಂದಾಗ ಮಾತ್ರ ಕನ್ನಡ ಹೊರಡುತ್ತದೆ. ಆವತ್ತು ಪುಸ್ತಕದಲ್ಲಿ ಬರೆದಿಟ್ಟ ಅಂಕೆಗಳನ್ನು ನೋಡಿ ಅವಳು ಕನ್ನಡದಲ್ಲಿ ತೀರ್ಪು ಕೊಟ್ಟಳು. "ಒಂದು ತಿಂಗಳು ನೋಡುವ. ಇಳಿಯದಿದ್ರೆ ಬೆಳಿಗ್ಗೆ ನಿಮಗೆ ಹೋಟ್ಲು ಇಲ್ಲ. ಶಟರು ನನ್ನ ತಮ್ಮ ತೆಗೀತಾನೆ. ನೀವು ಹತ್ತು ಗಂಟೆಗೆ ಬಂದು ಕೂತ್ಕೊಳ್ಳಿ, ಗಿರಾಕಿ ಹಾಗೆ."

ಭಾವಮೈದುನ ಒಳ್ಳೆಯವನೇ. ಆದರೆ ನನ್ನ ಕುರ್ಚಿಯಲ್ಲಿ ಅವನು!

೧. ಎಂಟು ಉಂಡೆ

ಹೆಂಡತಿಯ ಮೊದಲ ಅನುಮಾನ ಮನೆಯ ಎಳ್ಳುಂಡೆ ಡಬ್ಬದ ಮೇಲೆ. ನಾನು ರಾತ್ರಿ ನೀರು ಕುಡಿಯುವ ನೆಪದಲ್ಲಿ ಎದ್ದು ತಿನ್ನುತ್ತೇನೆ ಎಂದು ಅವಳ ಸಿದ್ಧಾಂತ. ಒಂದು ರಾತ್ರಿ ಡಬ್ಬ ನನ್ನ ಮುಂದೆಯೇ ತೆರೆದು, ಮಗಳನ್ನು ಸಾಕ್ಷಿಗೆ ನಿಲ್ಲಿಸಿ ಎಣಿಸಿದಳು. ಎಂಟು.

ಬೆಳಿಗ್ಗೆ ಏಳು ಉಂಡೆ.

ಫೋನು ಹೋಟೆಲಿಗೇ ಬಂತು. ಗಿರಾಕಿಗಳು ಬಿಲ್ಲು ಹಿಡಿದು ಸಾಲಾಗಿ ನಿಂತಿದ್ದಾರೆ, ನಾನು ಫೋನಿನಲ್ಲಿ ದೇವರ ಆಣೆ ಹಾಕುತ್ತಿದ್ದೇನೆ. ಅವಳು ನಂಬಲಿಲ್ಲ. ಮಧ್ಯಾಹ್ನದ ಊಟಕ್ಕೆ ಬರೀ ಸೌತೆಕಾಯಿ ಬಂತು.

ಸಂಜೆ ಕಾಲೇಜಿನಿಂದ ಬಂದ ಮಗಳು ವಿಷಯ ಕೇಳಿ ಬ್ಯಾಗು ಕೆಳಗಿಟ್ಟಳು. ಅವಳ ಕನ್ನಡ ಅರ್ಧಕ್ಕೆ ನಿಂತು ಹಿಂದಿಗೆ ಜಾರುತ್ತದೆ. "ಅಮ್ಮಾ, ಎಣಿಸಿದ ಮೇಲೆ ಒಂದು ನೀನೇ... ಆಪ್ ನೇ ಹೀ ತೋ ಖಾಯಾ ಥಾ!"

ಹೆಂಡತಿ ಡಬ್ಬದ ಮುಚ್ಚಳ ಬಿಗಿದಳು. ಆಮೇಲೆ ಅಂದಳು, "ಅದು ತಿಂದದ್ದಲ್ಲ. ಇವರು ಯಾಕೆ ಆಸೆಪಡ್ತಾರೆ ಅಂತ ನೋಡಿದ್ದು."

೨. ಉಪವಾಸದ ಪ್ರಯೋಗ

ಗಲ್ಲಾದಲ್ಲಿ ಕೂತವನಿಗೆ ವೈದ್ಯರ ಕೊರತೆ ಇಲ್ಲ. ಬಿಲ್ಲು ಕೊಡುವವರೆಲ್ಲ ಜೊತೆಗೊಂದು ಔಷಧಿಯನ್ನೂ ಕೊಟ್ಟು ಹೋಗುತ್ತಾರೆ. ಮೆಂತ್ಯ ನೆನೆಸಿ, ಹಾಗಲಕಾಯಿ ಹಿಂಡಿ, ಬೆಂಡೆಕಾಯಿ ಕತ್ತರಿಸಿ ನೀರಿನಲ್ಲಿಡಿ. ಒಂದು ವಾರ ನಾನು ಈ ಎಲ್ಲವನ್ನೂ ಕುಡಿದೆ. ನಾಲಗೆಗೆ ಲಕ್ವ ಹೊಡೆದಂತಾಯಿತೇ ಹೊರತು ಬೆಳಗಿನ ಅಂಕೆ ಅಲ್ಲಾಡಲಿಲ್ಲ.

ಕಿಟಕಿ ಪಕ್ಕದ ಟೇಬಲ್ಲಿನಲ್ಲಿ ಇಪ್ಪತ್ತು ವರ್ಷದಿಂದ ಇಡ್ಲಿ ಸಾಂಬಾರ್ ತಿನ್ನುವ ಗುಜರಾತಿ ಹಿರಿಯರೊಬ್ಬರಿದ್ದಾರೆ. ಮಿತಭಾಷಿ. ಅವರೂ ಕರುಣೆಯಿಂದ ಬಾಯಿ ಬಿಟ್ಟರು. "ಸೇಠ್, ರಾತ್ ಕಾ ಖಾನಾ ಬಂದ್ ಕರೋ."

ಸರಿ, ಹೊಟ್ಟೆಗೆ ಹಾಕದಿದ್ದರೆ ಸಕ್ಕರೆ ಬರುವುದಾದರೂ ಎಲ್ಲಿಂದ? ಆ ರಾತ್ರಿ ಊಟ ಬಿಟ್ಟೆ. ಹಸಿವಿನಿಂದ ನಿದ್ದೆ ಹತ್ತಲಿಲ್ಲ. ಪಕ್ಕದ ಫ್ಲ್ಯಾಟಿನ ಒಗ್ಗರಣೆಯ ವಾಸನೆಗೆ ಕಣ್ಣಲ್ಲಿ ನೀರು ಬಂತು. ಬೆಳಿಗ್ಗೆ ನೋಡಿದರೆ ಇನ್ನೂರ ಎಂಟು! ಊಟ ಮಾಡಿದ ದಿನಕ್ಕಿಂತ ಹೆಚ್ಚು.

ಮನೆಗೆ ಫೋನು ಮಾಡಿ, "ನೋಡು, ಉಪವಾಸ ಇದ್ದರೂ ಏರಿದೆ, ಈಗಲಾದರೂ ನಂಬು" ಎಂದೆ.

ಹೆಂಡತಿ ಕೇಳಿದಳು, "ಕನಸಲ್ಲಿ ಎಂತ ತಿಂದ್ರಿ?"

೩. ಮುನ್ನೂರ ನಲವತ್ತು

ಒಂದು ಶನಿವಾರ ಮಷೀನು ಮುನ್ನೂರ ನಲವತ್ತು ತೋರಿಸಿತು. ನಾನು ನಿಜವಾಗಿಯೂ ಹೆದರಿದೆ. ಅಡುಗೆಯ ಭಟ್ಟರು ಓಡಿ ಬಂದು ಗಾಳಿ ಹಾಕಿದರು. ಹೆಂಡತಿ ರಿಕ್ಷಾದಲ್ಲಿ ಬಂದಿಳಿದಳು, ಮುಖ ಬಿಳುಚಿಕೊಂಡಿತ್ತು, ಒಂದು ಬೈಗುಳವೂ ಬಾಯಿಂದ ಹೊರಡಲಿಲ್ಲ. ಅವಳು ಬೈಯದೇ ಇದ್ದದ್ದು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಎರಡು ಬಿಲ್ಡಿಂಗ್ ಆಚೆ ನಮ್ಮ ಡಾಕ್ಟರ ದವಾಖಾನೆ. ವಿಜಯಪುರದ ಕಡೆಯವರು, ಅವಸರವೇ ಗೊತ್ತಿಲ್ಲದ ಮನುಷ್ಯ. ನನ್ನನ್ನು ಕೂರಿಸಿ, ನಾಡಿ ಹಿಡಿದು, ಕೇಳಿದರು. "ಮಾಲಕರ, ಚುಚ್ಚೂಕಿಂತ ಮೊದಲ ಕೈ ತೊಳಕೊಂಡಿದ್ರೇನು?"

"ಇಲ್ಲ."

"ಅದಕ್ಕೂ ಮೊದಲ ಕೈಯಾಗ ಏನು ಹಿಡಿದಿದ್ರಿ?"

ನೆನಪು ಮಾಡಿಕೊಂಡೆ. ಗಿರಾಕಿಗಳಿಗೆಂದು ಗಲ್ಲಾದ ಮೇಲೆ ಸೋಂಪು, ಕಲ್ಲುಸಕ್ಕರೆಯ ಬಟ್ಟಲು ಇರುತ್ತದೆ. ಆವತ್ತು ಅದು ಮಗುಚಿತ್ತು. ಎರಡೂ ಕೈಯಿಂದ ಬಾಚಿ ತುಂಬಿದವನು ನಾನೇ.

ಡಾಕ್ಟರು ಸೋಪಿನಿಂದ ಕೈ ತೊಳೆಸಿ ಮತ್ತೆ ನೋಡಿದರು. ನೂರಾ ತೊಂಬತ್ತೈದು. ನಾನು ಕುಣಿಯುವುದೊಂದು ಬಾಕಿ. ಹೆಂಡತಿಯ ಮುಖಕ್ಕೂ ರಕ್ತ ಬಂತು, ಬಾಯಿಗೆ ಬೈಗುಳವೂ ಬಂತು. ಡಾಕ್ಟರು ಮಾತ್ರ ಕನ್ನಡಕ ಒರೆಸುತ್ತಾ ಅಂದರು, "ಖುಷಿ ಪಡಬ್ಯಾಡ್ರಿ. ಬಟ್ಟಲದ್ದು ತಗದ ಮ್ಯಾಲೂ ನಿಮ್ಮದ ಭಾಳ ಅದ."

೪. ಲಿವರ್ ಯಾರದ್ದು?

ಅಲ್ಲೇ ನಾನು ನನ್ನ ಗೋಳೆಲ್ಲ ತೋಡಿಕೊಂಡೆ. ತಿನ್ನದೇ ಇದ್ದರೂ ಹೇಗೆ ಏರುತ್ತದೆ? ಮಲಗಿದವನ ಮೈಗೆ ಸಕ್ಕರೆ ಹಾಕುವವರು ಯಾರು?

"ನಿಮ್ಮ ಹೋಟೆಲ್ ಎಷ್ಟಕ್ಕ ತಗೀತೀರಿ?" ಎಂದರು ಡಾಕ್ಟರು.

"ಆರಕ್ಕೆ."

"ಒಲಿ ಎಷ್ಟಕ್ಕ ಹಚ್ಚತೀರಿ?"

"ಭಟ್ಟರು ನಾಲ್ಕಕ್ಕೇ ಹಚ್ತಾರೆ. ಗಿರಾಕಿ ಬಂದ ಮೇಲೆ ಹಚ್ಚಿದ್ರೆ ಆಗ್ತದಾ ಡಾಕ್ಟ್ರೇ?"

"ಮೈಯಾಗೂ ಹಂಗ ಅದ ನೋಡ್ರಿ. ನೀವು ಏಳೂಕಿಂತ ಮೊದಲ, ನಸುಕಿನ್ಯಾಗ, ಲಿವರ್ ತನ್ನ ಉಗ್ರಾಣ ತಗದು ರಕ್ತಕ್ಕ ಸಕ್ಕರಿ ಬಿಡತದ. ಎದ್ದು ಕೆಲಸಾ ಮಾಡೂ ಶಕ್ತಿ ಬೇಕಲ್ಲ, ಅದಕ್ಕ. ಎಲ್ಲಾರ ಮೈಯಾಗೂ ಇದು ನಡೀತದ. ಸಕ್ಕರಿ ಬ್ಯಾನಿ ಇಲ್ಲದವರಿಗೆ ಒಳಗಿನ ಇನ್ಸುಲಿನ್ ಅದನ್ನ ಸಂಭಾಳಿಸತದ. ನಿಮಗ ಅದು ಸಾಲೂದಿಲ್ಲ, ಏರತದ. ರಾತ್ರಿ ಉಪವಾಸ ಬಿದ್ರ ಲಿವರ್ ಸುಮ್ಮ ಕೂಡತದ ಅಂತ ತಿಳೀಬ್ಯಾಡ್ರಿ. ಹೊತ್ತಿಗೆ ಸರಿಯಾಗಿ, ಹಗುರಾಗಿ ಉಣ್ಣರಿ."

ಇಷ್ಟು ಚಂದದ ಮಾತು ನಾನು ಈಚೆಗೆ ಕೇಳಿದ್ದಿಲ್ಲ. ಪಕ್ಕದಲ್ಲಿ ಕೂತ ಹೆಂಡತಿಯ ಕಡೆ ತಿರುಗಿ ಎದೆ ಸೆಟೆಸಿ ಹೇಳಿದೆ, "ಕೇಳಿದೆಯಾ? ನಾನಲ್ಲ. ನನ್ನ ಲಿವರ್!"

ಅವಳು ಸೆರಗು ಸರಿಮಾಡಿಕೊಂಡು ಕೇಳಿದಳು, "ಲಿವರ್ ಯಾರದ್ದು?"

೫. ಮೂರು ಗಂಟೆಯ ಅಲಾರಂ

ಡಾಕ್ಟರಿಗೆ ಇನ್ನೊಂದು ಅನುಮಾನವಿತ್ತು. ಕೆಲವರಿಗೆ ನಡುರಾತ್ರಿ ಸಕ್ಕರೆ ತೀರಾ ಇಳಿದು, ಮೈ ಗಾಬರಿಯಾಗಿ ಬೆಳಗಿನ ಹೊತ್ತಿಗೆ ಮತ್ತೆ ಏರಿಸುತ್ತದಂತೆ. ಹಾಗಾಗಿದ್ದರೆ ಮದ್ದೇ ಬೇರೆ. ಅದಕ್ಕೆ ಮೂರು ದಿನ ರಾತ್ರಿ ಮೂರಕ್ಕೆ ಎದ್ದು ನೋಡಬೇಕು ಎಂದರು.

ಮೊದಲ ರಾತ್ರಿ ಅಲಾರಂ ಹೊಡೆದಾಗ ಹೆಂಡತಿ ನಿದ್ದೆಗಣ್ಣಿನಲ್ಲೇ ಮಷೀನು ತಂದಳು, ಬೆರಳು ಚುಚ್ಚಿದಳು, ಓದಿದಳು. ತೊಂಬತ್ತೆರಡು. "ಇಳಿದಿದೆ, ಇಳಿದಿದೆ!" ಎಂದು ಕೂಗಿ ಮಗಳನ್ನೂ ಎಬ್ಬಿಸಿದಳು. ನನಗೂ ಸಂತೋಷವೇ, ಆದರೆ ಒಂದು ವಿಷಯ ಅರ್ಥವಾಗಲಿಲ್ಲ. ನನಗೆ ಒಂಚೂರೂ ನೋವಾಗಿರಲಿಲ್ಲ.

ದೀಪ ಹಾಕಿದ ಮಗಳು ನೋಡಿ ಹೇಳಿದಳು, "ಅಮ್ಮಾ, ರಕ್ತ ನಿನ್ನ ಬೆರಳಲ್ಲಿ ಬರ್ತಾ ಇದೆ."

೬. ಮಾಲೀಕನ ರುಚಿ

ಮತ್ತೆ ನನ್ನ ಬೆರಳನ್ನೇ ಹಿಡಿದು ನೋಡಿದರು. ಮೂರು ರಾತ್ರಿಯೂ ಮೂರು ಗಂಟೆಗೆ ನೂರಾ ಇಪ್ಪತ್ತೈದರ ಆಸುಪಾಸು. ನಡುರಾತ್ರಿ ಇಳಿಯುತ್ತಿಲ್ಲ ಎಂದು ಗೊತ್ತಾಯಿತು. ಡಾಕ್ಟರು ಅಂಕೆಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು. "ಮೂರಕ್ಕ ನೂರಾ ಇಪ್ಪತ್ತೈದು, ಏಳಕ್ಕ ಇನ್ನೂರು. ಲಿವರ್ ಒಂದ ಇಷ್ಟು ಮಾಡಿರಲಿಕ್ಕಿಲ್ಲ. ಈ ನಾಕು ತಾಸಿನ್ಯಾಗ ಮತ್ತೇನೋ ಆಗೇತಿ." ಅವರು ನೋಡಿದ್ದು ನನ್ನನ್ನಲ್ಲ, ನನ್ನ ಹೆಂಡತಿಯನ್ನು.

ಮರುದಿನ ನಾಲ್ಕೂವರೆಗೆ ಅವಳು ನನ್ನ ಜೊತೆ ಹೋಟೆಲಿಗೆ ಹೊರಟಳು. ತಿಂಗಳು ಮುಗಿಯಲು ಆರು ದಿನ ಉಳಿದಿತ್ತು. ನನಗೇನು ಭಯ? ಕದ್ದು ತಿನ್ನುವವನಾದರೆ ತಾನೇ!

ನಾನು ದಿನದಂತೆ ಕೆಲಸ ಶುರುಮಾಡಿದೆ. ಭಟ್ಟರು ಸಾಂಬಾರಿನ ಸೌಟು ತಂದು ನನ್ನ ಅಂಗೈಗೆ ಹೊಯ್ದರು, ನೆಕ್ಕಿ "ಇನ್ನೊಂದು ಅಚ್ಚು ಬೆಲ್ಲ" ಎಂದೆ. ಹಾಕಿ ತಂದರು, ಮತ್ತೆ ನೆಕ್ಕಿದೆ. ಚಟ್ನಿ ಆಯಿತು. ಶೀರಾ ಗಟ್ಟಿಯಾಗಿದೆಯೋ ಎಂದು ಒಂದು ಚಮಚ, ತುಪ್ಪ ಸಾಕೋ ಎಂದು ಇನ್ನೊಂದು. ಹೊಸ ಹಾಲು ಬಂದಿತ್ತು, ಹಾಲು ಹೇಗಿದೆ ನೋಡಬೇಕಲ್ಲ, ಅದಕ್ಕೆ ಮೊದಲ ಲೋಟ ಕಾಫಿ. ಎಲ್ಲ ಮುಗಿಸಿ, ಶಟರ್ ಎತ್ತಿ, ಗಲ್ಲಾದಲ್ಲಿ ಕೂತು, ಈಗ ನನಗೂ ಬುದ್ಧಿ ಬಂದಿದೆ ನೋಡಿ, ಸೋಪು ಹಾಕಿ ಕೈ ತೊಳೆದು, ಬೆರಳು ಮುಂದೆ ಚಾಚಿದೆ.

ಹೆಂಡತಿ ಅಲುಗಾಡದೆ ನಿಂತಿದ್ದಳು. "ಇದೆಂತದು ಇದು?"

"ಖಾಲಿ ಹೊಟ್ಟೆಯದ್ದು. ನೋಡು, ಚುಚ್ಚು."

"ಖಾಲಿ ಹೊಟ್ಟೆ! ಒಳಗೆ ಇಷ್ಟು ಹೊತ್ತು ಮಾಡಿದ್ದೆಂತ?"

"ಅದು ತಿಂದದ್ದಾ? ಅದು ಕೆಲಸ. ಮಾಲೀಕ ರುಚಿ ನೋಡದೆ ಯಾವ ಹೋಟ್ಲಲ್ಲಿ ಶಟರು ಎತ್ತುತ್ತಾರೆ?"

ನಿಜ ಹೇಳುತ್ತೇನೆ, ಆ ಕ್ಷಣದವರೆಗೂ ನನಗೆ ಅದು ಹೊಟ್ಟೆಗೆ ಹೋಗುತ್ತದೆ ಎಂದು ಹೊಳೆದಿರಲಿಲ್ಲ. ಇಪ್ಪತ್ತೆಂಟು ವರ್ಷ ಅಂಗೈಯಲ್ಲಿ ನೆಕ್ಕಿದ್ದನ್ನು ನಾನು ಊಟವೆಂದು ಭಾವಿಸಿದ್ದೇ ಇಲ್ಲ. ಡಾಕ್ಟರು "ಬೆಳಿಗ್ಗೆ ಏನಾದರೂ ತಿಂದೀರೇನು" ಎಂದು ಕೇಳಿದಾಗಲೆಲ್ಲ ಪ್ರಾಮಾಣಿಕವಾಗಿಯೇ ಇಲ್ಲ ಎಂದಿದ್ದೆ.

ಡಾಕ್ಟರು ವಿಷಯ ಕೇಳಿ ಮೇಜಿಗೆ ಹಣೆ ಹಚ್ಚಿ ನಕ್ಕರು. ಇನ್ನು ಮೇಲೆ ಎದ್ದ ಕೂಡಲೇ ಮನೆಯಲ್ಲೇ ನೋಡಬೇಕು, ಹೋಟೆಲಿನಲ್ಲಿ ರುಚಿ ನೋಡಿದರೂ ಉಗುಳಬೇಕು ಎಂದರು. ಅಡುಗೆಮನೆಯಲ್ಲಿ ಉಗುಳುವುದೇ? ಭಟ್ಟರು ಎಂಜಲು ಎಂದು ಅವತ್ತೇ ರೈಲು ಹತ್ತಿ ಊರಿಗೆ ಹೋದಾರು. ಕೊನೆಗೆ ಹೆಂಡತಿಯೇ ಇತ್ಯರ್ಥ ಮಾಡಿದಳು. ಶಟರು, ಕುರ್ಚಿ ನನಗೆ. ರುಚಿ ನೋಡುವುದು ಮಾತ್ರ ಅವಳು.

ಕುರ್ಚಿ ಉಳಿಯಿತು. ಮನೆಯಲ್ಲಿ ಎದ್ದ ಕೂಡಲೇ ನೋಡಿದರೆ ನೂರಾ ನಲವತ್ತು, ಅದು ಲಿವರಿನ ಪಾಲು. ಏಳಕ್ಕೆ ನೋಡಿದರೂ ಹೆಚ್ಚುಕಡಿಮೆ ಅಷ್ಟೇ. ಡಾಕ್ಟರು ಮಾತ್ರೆ ಸ್ವಲ್ಪ ಬದಲಿಸಿದರು. ಹದಿನೈದು ದಿನದಲ್ಲಿ ನೂರಾ ಇಪ್ಪತ್ತಕ್ಕೆ ಬಂತು. ಎಲ್ಲರೂ ಸುಖಿ.

ಆಗ ಆ ಗುಜರಾತಿ ಹಿರಿಯರು, ಇಪ್ಪತ್ತು ವರ್ಷದಲ್ಲಿ ತಿಂಡಿಯ ಬಗ್ಗೆ ಒಂದು ಮಾತೂ ಆಡದವರು, ಬಿಲ್ಲು ಕೊಡಲು ಬಂದವರು ಗಲ್ಲಾದ ಮೇಲೆ ಬಗ್ಗಿದರು. "ಸೇಠ್, ನಯಾ ಮಹಾರಾಜ್ ರಖಾ ಕ್ಯಾ? ಸಾಂಬಾರ್ ಅಬ್ ಬಢಿಯಾ ಹೋ ಗಯಾ." ಅವರಲ್ಲಿ ಮಹಾರಾಜ್ ಎಂದರೆ ಅಡುಗೆಯವರು; ಸಾಂಬಾರು ಈಗ ಭರ್ಜರಿ ಆಗಿದೆಯಂತೆ.

ಹೆಂಡತಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ಬೆಲ್ಲ ಅರ್ಧಕ್ಕೆ ಇಳಿಸಿದ್ದಾಳೆ ಎಂದು ಆಮೇಲೆ ಭಟ್ಟರು ಹೇಳಿದರು. ಹೇಳುವಾಗ ಅವರ ಮುಖದಲ್ಲಿ ದುಃಖವೇನೂ ಇರಲಿಲ್ಲ.

ಆ ರಾತ್ರಿ ನನಗೆ ಕಣ್ಣು ಮುಚ್ಚಲಾಗಲಿಲ್ಲ. ಬೆಳಿಗ್ಗೆ ನೂರಾ ಎಂಬತ್ತು. ಹೆಂಡತಿ ನನ್ನನ್ನು ದವಾಖಾನೆಗೆ ಎಳೆದುಕೊಂಡು ಹೋದಳು.

"ಏನು ತಿಂದಿದ್ರಿ?" ಎಂದರು ಡಾಕ್ಟರು.

"ಏನೂ ಇಲ್ಲ. ರುಚಿಯೂ ನೋಡಲಿಲ್ಲ."

"ನಿದ್ದಿ?"

"ಬರಲಿಲ್ಲ." ಯಾಕೆ ಎಂದು ಎಲ್ಲ ಹೇಳಿದೆ. ಇಪ್ಪತ್ತೆಂಟು ವರ್ಷ ನನ್ನ ನಾಲಗೆಯಿಂದ ನಡೆದ ಹೋಟೆಲು, ಹದಿನೈದು ದಿನದಲ್ಲಿ ಬಢಿಯಾ ಆಯಿತಂತೆ.

"ನಿದ್ದಿಗೆಟ್ಟರೂ, ಮನಸಿಗೆ ಹಚಗೊಂಡರೂ ಏರತದ್ರೀ. ಎರಡು ದಿನದಾಗ ಇಳೀತದ, ಚಿಂತಿ ಬ್ಯಾಡ," ಎಂದು ಡಾಕ್ಟರು ನನ್ನ ಭುಜ ತಟ್ಟಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಅಕ್ಕಾರ, ಖರೇನ ಬೆಲ್ಲಾ ಕಡಿಮಿ ಮಾಡೀರೇನ್ರಿ? ಆ ಸಿಹಿ ಸಾಂಬಾರಿನ ಸಲುವಾಗಿ ನಾ ಹನ್ನೊಂದು ವರ್ಷ ಆತು ನಿಮ್ಮ ಹೋಟೆಲ್ ಕಡೆ ಹಾಯ್ದಿಲ್ಲ. ನಾಳೆ ಮುಂಜಾನೆ ಎರಡು ಪ್ಲೇಟ್ ಇಡ್ಲಿ ಕಳಸ್ರಿ. ಕಳಸೂ ಮುಂದ ಇವರ ಕೈಯಾಗ ಮಾತ್ರ ಸೌಟು ಕೊಡಬ್ಯಾಡ್ರಿ."