ತಲೆಕೆಳಗಾದ ಬೆಂಕಿ

ತೌಹೀದನ ಮರ್ಯಾದೆ ಹೋದದ್ದು ಒಂದೇ ಒಂದು ಮಾತಿನಿಂದ. ಪೆಂಡಾಲು, ಲೈಟಿಂಗಿನ ಧಣಿ ಮಹಬೂಬಸಾಬ ಕರಿ ಪೆಟ್ಟಿಗೆಯೊಂದನ್ನು ಟೇಬಲ್ಲಿನ ಮೇಲಿಟ್ಟು, "ಇದು ಬೆಂಕಿ ತೋರ್ಸೋ ಎಲ್‌ಇಡಿ ಪ್ರೊಜೆಕ್ಟರ್. ನಡಸಾಕ ಬರ್ತೈತೇನು?" ಎಂದು ಕೇಳಿದಾಗ ಆತ, "ಬರ್ತೈತ್ರಿ ಚಾಚಾ" ಎಂದುಬಿಟ್ಟ.

ಬರುತ್ತಿರಲಿಲ್ಲ. ಎಂಟನೇ ಇಯತ್ತೆಗೇ ಶಾಲೆ ಬಿಟ್ಟವನಿಗೆ ರಿಮೋಟಿನ ಮೇಲಿನ ಇಂಗ್ಲಿಷ್ ಅಕ್ಷರಗಳು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಕಂಡವು. ಓದಿದವರ ಹತ್ತಿರ ಹೋಗಿ ಕೇಳಬಹುದಿತ್ತು. ಆದರೆ ಓದಿದವರು ಹೇಳಿಕೊಡುವ ಮೊದಲು ಒಂದು ಸಣ್ಣ ನಗೆ ನಗುತ್ತಾರಲ್ಲ, ಅದನ್ನು ನೋಡಿದರೆ ತೌಹೀದನಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ನಗೆಗಿಂತ ಸುಳ್ಳೇ ವಾಸಿ ಎನಿಸಿತು.

"ಇವತ್ತ ಬೆಂಕಿ ಬರೋಬರಿ ಉರಿಸಿದಿ ಅಂದ್ರ ನಾಳಿಂದ ನನ್ನ ಹಂತೇಕ ಖಾಯಂ ಕೆಲಸ," ಎಂದ ಮಹಬೂಬಸಾಬ. ಆ ಮಾತು ಕಿವಿಗೆ ಬಿದ್ದದ್ದೇ ತಡ, ತೌಹೀದನ ತಾಯಿ ಸಾಬೀರಾ ಕೈಯಲ್ಲಿದ್ದ ಚಹಾ ಆರುವುದರೊಳಗೆ ಓಣಿಗೆಲ್ಲ ಖಬರು ಮುಟ್ಟಿಸಿ, ಹತ್ತು ಹೆಂಗಸರನ್ನು ಕಟ್ಟಿಕೊಂಡು ಆಟ ನೋಡಲು ಹೊರಟಳು.

ಬೆಟಗೇರಿಯ ನೇಕಾರರ ಸಭಾಭವನದಲ್ಲಿ ಅಂದು ಜಿಲ್ಲಾ ನಾಟಕ ಸ್ಪರ್ಧೆ. ಹಾಡಹಗಲೇ ಕಿಟಕಿಗಳಿಗೆಲ್ಲ ಜಮಖಾನೆ ಬಡಿದು ಕತ್ತಲೆ ಮಾಡಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತಂಡಗಳೂ ಬಂದಿದ್ದವು. ಬೆಟಗೇರಿಯವರದು 'ಸುಟ್ಟ ಮಗ್ಗ'. ಬರೆದವ, ಆಡಿಸುವವ, ನಾಯಕ ಎಲ್ಲವೂ ಕೈಮಗ್ಗದ ನಿಂಗಪ್ಪನೇ. ಕೊನೆಯಲ್ಲಿ ಮಗ್ಗದ ಮನೆಗೆ ಬೆಂಕಿ ಬೀಳುತ್ತದೆ. ಒಳಗೆ ಕೂಸು. ತಾಯಿಯ ಪಾತ್ರದ ಭುವನೇಶ್ವರಿ ಬೆಂಕಿಗೆ ನುಗ್ಗುತ್ತಾಳೆ.

"ಮಂದಿ ಬಿಕ್ಕಿ ಬಿಕ್ಕಿ ಅಳಬೇಕು ತಮ್ಮಾ," ಎಂದ ನಿಂಗಪ್ಪ. "ನಿನ್ನ ಬೆಂಕಿ ಖರೆ ಕಾಣ್ಲಿಲ್ಲಂದ್ರ ನನ್ನ ನಾಟಕಾನ ಸತ್ತಂಗ."

ಬೆಳಿಗ್ಗೆ ಪೆಟ್ಟಿಗೆಯನ್ನು ಕುರ್ಚಿಯ ಮೇಲಿಟ್ಟು ತೌಹೀದ ಅದರ ಮುಂದಿನ ಗಾಜಿನ ಸುತ್ತ ಇದ್ದ ಬಳೆಯನ್ನು ತಿರುಗಿಸಿದ. ಪರದೆಯ ಮೇಲೆ ಮೊದಲು ತೋಯ್ದ ಗೋಣಿಚೀಲದಂಥ ಬೆಂಕಿ ಬಂತು, ಇನ್ನಷ್ಟು ತಿರುಗಿಸಿದರೆ ವೀಳ್ಯದೆಲೆಯಂಥದು, ಕೊನೆಗೆ ನಿಜವಾದ ಉರಿಯಂಥದು. ಇಷ್ಟೇ ಏನು ಇಂಗ್ಲಿಷು ಎಂದು ಆತನ ಎದೆ ಉಬ್ಬಿತು.

ಅಷ್ಟರಲ್ಲಿ ಸಕ್ರಪ್ಪಜ್ಜ ಬಂದ. ನಿವೃತ್ತ ಲೈನ್‌ಮನ್. ಯಾರೂ ಕರೆಯದಿದ್ದರೂ ಎಲ್ಲ ಕಂಬದ ಹತ್ತಿರವೂ ಹಾಜರಾಗುವ ಮನುಷ್ಯ.

"ಹಿಂಗ ಕೆಳಗ ಇಟ್ರ ಮಂದಿ ಎಡವಿ ಬೀಳ್ತಾರಲೇ ಹುಚ್ಚಾ! ಮ್ಯಾಲ ಕಟ್ಟು. ಮೂವತ್ತ ವರ್ಷ ಕರೆಂಟಿನ ಕೂಡ ಸಂಸಾರ ಮಾಡೇನಿ, ನನಗ ಗೊತ್ತೈತಿ."

ಮಾತು ತೌಹೀದನಿಗೂ ಸರಿಯೆನಿಸಿತು. ಪೆಂಡಾಲಿನ ಕೆಲಸದಲ್ಲಿ ಯಾವ ಲೈಟನ್ನೂ ನೆಲದ ಮೇಲೆ ಕೂಡಿಸುವುದಿಲ್ಲ. ಗಳಕ್ಕೆ ಕ್ಲಾಂಪು ಬಿಗಿದು ತಲೆಕೆಳಗಾಗಿ ತೂಗುಹಾಕುವುದೇ ಪದ್ಧತಿ. ಹದಿಮೂರನೇ ವಯಸ್ಸಿನಿಂದ ಸಾವಿರ ಲೈಟು ಹಾಗೆಯೇ ಕಟ್ಟಿದ್ದ. ಬೆಳಕಿಗೆ ತಲೆಯೂ ಕಾಲೂ ಇರುತ್ತದೆಂದು ಅವನಿಗೆ ಹೇಳಿದವರಾರು? ಕಟ್ಟಿ ಮುಗಿಸುವಷ್ಟರಲ್ಲಿ ಮುಂಡರಗಿಯವರ ಆಟ ಶುರುವಾಯಿತು. ಮತ್ತೊಮ್ಮೆ ಹಚ್ಚಿ ನೋಡಲು ಹೊತ್ತು ಸಿಗಲಿಲ್ಲ.

ಎರಡೂವರೆಗೆ 'ಸುಟ್ಟ ಮಗ್ಗ'. ಭುವನೇಶ್ವರಿ ಎದೆ ಬಡಿದುಕೊಂಡು, "ಬೆಂಕಿ! ಬೆಂಕಿ!" ಎಂದು ಚೀರಿದಳು. ತೌಹೀದ ಗುಂಡಿ ಒತ್ತಿದ.

ಬೆಂಕಿ ಮೇಲಿನಿಂದ ಕೆಳಗೆ ಉರಿಯಿತು. ಬುಡ ಜಂತಿಯಲ್ಲಿ, ತುದಿ ನೆಲದತ್ತ. ಹಿಂಡಿ ಒಣಹಾಕಿದ ಕೆಂಪು ಸೀರೆಯಂತೆ ಜೋತಾಡತೊಡಗಿತು.

"ಏ, ಬೆಂಕಿ ಸೋರಾಕ ಹತ್ತೇತ್ರೋ! ಬುಡಕ ಬಕೀಟ ಇಡ್ರಿ!" ಎಂದ ಹಿಂದಿನ ಸಾಲಿನವನೊಬ್ಬ.

ತೌಹೀದನ ಕಿವಿ ಕಾದವು. ಗಾಬರಿಯಲ್ಲಿ ಇನ್ನೊಂದು ಗುಂಡಿ ಒತ್ತಿದ. ಬೆಂಕಿ ನೀಲಿಯಾಯಿತು. "ಗ್ಯಾಸಿನ ಒಲಿ ಹಚ್ಯಾರ!" ಮತ್ತೊಂದು ಒತ್ತಿದ. ಉರಿಗಳು ನಾಯಿ ಕಂಡ ಕೋಳಿಗಳಂತೆ ದಿಕ್ಕಾಪಾಲಾಗಿ ಓಡಿದವು. ರಂಗದ ಮೇಲಿಂದಲೇ ನಿಂಗಪ್ಪ ಅವನತ್ತ ನೋಡಿದ ನೋಟಕ್ಕೆ ನಿಜವಾದ ಮಗ್ಗವೂ ಹೊತ್ತಿಕೊಳ್ಳುತ್ತಿತ್ತು.

ಅದೇ ಹೊತ್ತಿಗೆ ನೋಡಲು ಬಂದಿದ್ದ ಹಿರೇವಡ್ಡಟ್ಟಿಯ ಯಮನೂರಸಾಬ ಸೀರೆ ಹಿಡಿದುಕೊಂಡು ರಂಗವೇರಿದ. ನಮ್ಮ ಕಡೆ ಅದೊಂದು ರೂಢಿ. ನಟನೆ ಮೆಚ್ಚಿದವರು ಆಟದ ನಡುವೆಯೇ ಬಂದು ಸೀರೆ, ಶಾಲು ಕೊಟ್ಟು ಆಯಾರ ಮಾಡುತ್ತಾರೆ, ಅದು ಮುಗಿಯುವವರೆಗೆ ಸಾಯುವವನೂ ಸಾಯುವಂತಿಲ್ಲ. ಬೆಂಕಿಗೆ ನುಗ್ಗುತ್ತಿದ್ದ ಭುವನೇಶ್ವರಿ ಗಕ್ಕನೆ ನಿಂತು, ಸೀರೆ ತಗೊಂಡು, ಮಡಿಕೆ ಬಿಚ್ಚಿ ಸೆರಗು ಹೇಗಿದೆಯೆಂದು ನೋಡಿ, ನಮಸ್ಕಾರ ಮಾಡಿದಳು. ಹಿಂದೆಯೇ ಇನ್ನೂ ಮೂವರು ಶಾಲು ಹಿಡಿದು ಸಾಲು ನಿಂತರು.

"ಕೂಸು ಸುಟ್ಟ ಹೊಂಟೈತಿ, ಜಲ್ದಿ ಹೊದಸ್ರೋ!" ಎಂದು ಹಿಂದಿನ ಸಾಲು ಕೂಗಿತು.

ಇದೇ ಸಮಯವೆಂದು ತೌಹೀದ ಏಣಿ ಹತ್ತಿ ಕ್ಲಾಂಪು ತಿರುಚಲು ಹೋದ. ಅದು ಜಪ್ಪಯ್ಯ ಅನ್ನಲಿಲ್ಲ. ತಾನು ನಿಂತದ್ದು ಗಾಜಿನ ಮುಂದೆ ಎಂಬುದು ಅವನಿಗೆ ಹೊಳೆಯಲಿಲ್ಲ. ಹಿಂದಿನ ಪರದೆಯ ತುಂಬ, ನೀಲಿ ಉರಿಗಳ ನಡುವೆ, ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಜಾರುವ ಪ್ಯಾಂಟು ಹಿಡಿದ ರಾಕ್ಷಸ ನೆರಳೊಂದು ಎದ್ದು ನಿಂತಿತು.

ಮೂರನೇ ಸಾಲಿನಿಂದ ಸಾಬೀರಾ ಎದ್ದಳು. "ಅಯ್, ನಮ್ಮ ತೌಹೀದ! ಬೇಟಾ, ಪ್ಯಾಂಟ್ ಮ್ಯಾಲ ಎಳಕೊಳ್ಳೋ!"

ಭವನ ಬಿದ್ದು ಬಿದ್ದು ನಕ್ಕಿತು. "ನನ್ನ ಕಂದಾ!" ಎಂದು ಭುವನೇಶ್ವರಿ ಗೋಳಾಡಿದಷ್ಟೂ ನಗೆ ಏರಿತು. ಇಕ್ಕಳ ಕಿಸೆಗೆ ತುರುಕಿ, ಏಣಿಯ ಮೇಲೆ ಕಣ್ಣು ಮುಚ್ಚಿಕೊಂಡು ತೌಹೀದ ರಿಮೋಟಿನ ಸಿಕ್ಕ ಸಿಕ್ಕ ಗುಂಡಿಗಳನ್ನೆಲ್ಲ ಒತ್ತುತ್ತಲೇ ಇದ್ದ, ಪರದೆ ಬೀಳುವವರೆಗೆ.

ಆಮೇಲೆ ಆತ ನೇಪಥ್ಯದಲ್ಲಿ ಜಮಖಾನೆಯ ರಾಶಿಯ ಹಿಂದೆ ಮೊಣಕಾಲಲ್ಲಿ ಮುಖ ಹುದುಗಿಸಿ ಕೂತ. ಯಾರಾದರೂ ಕಪಾಳಕ್ಕೆ ಬಾರಿಸಿದ್ದರೆ ಹಗುರವಾಗುತ್ತಿತ್ತು. ನಿಂಗಪ್ಪ ಅಂಟಿಸಿದ ಮೀಸೆ ಕಿತ್ತೆಸೆದು, "ಎರಡ ವರ್ಷ ಕುಂತು ಈ ನಾಟಕ ಬರದಿದ್ನೋ ಪಾಪಿ," ಎಂದಷ್ಟೇ ಹೇಳಿದ. ಬಯ್ಗುಳಕ್ಕಿಂತ ಅದೇ ಹೆಚ್ಚು ಕೊರೆಯಿತು. ಸಕ್ರಪ್ಪಜ್ಜ ಮಾತ್ರ, "ನಾ ಕಟ್ಟು ಅಂದದ್ದು ಬಲ್ಬ," ಎಂದು ಜಾರಿಕೊಂಡ.

ಹೇಳಿಬಿಡಬೇಕು ಎಂದುಕೊಂಡ ತೌಹೀದ. ನನಗೆ ಬರುವುದಿಲ್ಲ, ಸುಳ್ಳು ಹೇಳಿದೆ ಎಂದು. ಕಾಲೆಳೆಯುತ್ತ ಮಹಬೂಬಸಾಬನ ಮುಂದೆ ಬಂದು ಬಾಯಿ ತೆರೆದ. ಅಷ್ಟರಲ್ಲಿ ಮೈಕು ಕೂಗಿತು: ಮೊದಲ ಬಹುಮಾನ 'ಸುಟ್ಟ ಮಗ್ಗ'ಕ್ಕೆ!

"ಬೆಳಕನ್ನೇ ಹಾಸ್ಯಪಾತ್ರವಾಗಿಸಿದ ಇಂಥ ನಗೆನಾಟಕವನ್ನು ನಾವು ಕಂಡೇ ಇಲ್ಲ," ಎಂದರು ತೀರ್ಪುಗಾರರು. ಆ ನೆರಳಿನ ಪಾತ್ರವಂತೂ ಅದ್ಭುತ ಕಲ್ಪನೆಯಂತೆ. ಇದೇ ನಾಟಕ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಲ್ಲಿ ಮತ್ತೆ ಆಗಬೇಕಂತೆ.

ನಿಂಗಪ್ಪ ಎರಡು ಸಲ ರೆಪ್ಪೆ ಬಡಿದ. ಆಮೇಲೆ ನೆಟ್ಟಗೆ ರಂಗವೇರಿ ಬಹುಮಾನದ ಢಾಲು ಇಸಕೊಂಡು, "ಬೆಂಕಿ ತಲಿಕೆಳಗ ಮಾಡಿದ್ದು ನನ್ನ ಬಾಳ ದಿವಸದ ವಿಚಾರ ಐತ್ರಿ," ಎಂದ.

ಮಹಬೂಬಸಾಬ ತೌಹೀದನ ಬೆನ್ನು ಚಪ್ಪರಿಸಿದ. "ಶಾಬಾಸ್! ಕೆಲಸ ನಿಂದ. ಆದ್ರ ಆ ಮೂರೂ ಊರಾಗ ಹಿಂಗ ಆಗಬೇಕು, ಕೂದಲೆಳಿ ಫರಕ್ ಆಗಬಾರ್ದು. ಈಗ ಒಮ್ಮಿ ಮಾಡಿ ತೋರಸು. ಬರ್ತೈತಿಲ್ಲೋ?"

"ಬರ್ತೈತ್ರಿ," ಎಂದಿತು ಹಾಳು ನಾಲಿಗೆ.

ಭವನ ಖಾಲಿಯಾಗಿತ್ತು. ಮಹಬೂಬಸಾಬನ ಜೊತೆ ನಿಂಗಪ್ಪನೂ ನೋಡಲು ನಿಂತ. ಅದೇ ಗಳ, ಅದೇ ಕ್ಲಾಂಪು, ಅದೇ ಏಣಿ. ತೌಹೀದ ಗುಂಡಿ ಒತ್ತಿದ.

ಬೆಂಕಿ ನೆಲದಿಂದ ಎದ್ದಿತು. ಮಧ್ಯಾಹ್ನ ಪರದೆ ಬೀಳುವಾಗ ಗಾಬರಿಯಲ್ಲಿ ಒತ್ತಿದ ಯಾವುದೋ ಗುಂಡಿ ಅದನ್ನು ನೆಟ್ಟಗೆ ನಿಲ್ಲಿಸಿಟ್ಟಿತ್ತು. ಕೆಂಪು ಬುಡ, ಹಳದಿ ತುದಿ, ಮೆಲ್ಲಗೆ ಮಗ್ಗದ ಕಟ್ಟಿಗೆಯನ್ನು ನೆಕ್ಕುವ ಉರಿ. ಆತ ಹೆದರಿ ಇನ್ನೊಂದು ಒತ್ತಿದ. ಉರಿ ಗಾಳಿಗೆ ಬಾಗಿದಂತೆ ಬಾಗಿತು. ಮತ್ತೊಂದು ಒತ್ತಿದ. ಕೆಂಡದಂತೆ ಉಸಿರಾಡಿತು. ಎಷ್ಟು ಕೆಡಿಸಲು ಹೋದರೆ ಅಷ್ಟು ಚೆಂದವಾಗುತ್ತಿತ್ತು.

ಕಸ ಹೊಡೆಯುತ್ತಿದ್ದ ಹನಮಂತವ್ವನ ಕೈಯಿಂದ ಕಸಬರಿಗೆ ಬಿತ್ತು. ಸೆರಗನ್ನು ಬಾಯಿಗೊತ್ತಿಕೊಂಡು, "ನಮ್ಮ ಗುಡಸಲಾ ಹಿಂಗ ಸುಟ್ಟಿತ್ತೋ ಯಪ್ಪಾ," ಎಂದು ಅಳತೊಡಗಿದಳು.

ನಿಂಗಪ್ಪ ಆ ಉರಿಯನ್ನೇ ನೋಡುತ್ತ ಎರಡು ಹೆಜ್ಜೆ ಮುಂದೆ ಬಂದ. ಎರಡು ವರ್ಷ ಅವನು ಬರೆದದ್ದು ಇದೇ ಬೆಂಕಿಯನ್ನು. ಆಮೇಲೆ ಕಂಕುಳಲ್ಲಿದ್ದ ಢಾಲಿನ ಕಡೆ ನೋಡಿದ.

"ಚಾಚಾ," ಎಂದ, "ಈ ಹುಡುಗಗ ಏನೂ ಬರಂಗಿಲ್ಲ. ಬ್ಯಾರೆ ಯಾರನ್ನರ ನೋಡ್ರಿ."

ಮಹಬೂಬಸಾಬ ಕೈ ಚಾಚಿ ರಿಮೋಟು ಇಸಕೊಂಡ.

ಹೊರಗೆ ಮೆಟ್ಟಿಲ ಮೇಲೆ ಸಾಬೀರಾ, ಮಗನ ಕೆಲಸ ಖಾಯಂ ಆಯಿತೆಂದು ಹೋಗಿಬರುವವರಿಗೆಲ್ಲ ಪೇಢೆ ಹಂಚುತ್ತಿದ್ದಳು. ಏನಾಯಿತೆಂದು ಹೇಳಲು ತೌಹೀದ ಬಾಯಿ ತೆರೆದ. ಆಕೆ ಅದರೊಳಗೂ ಒಂದು ತುರುಕಿದಳು.