ಅನುರಾಧಾ ಬರುವ ದಿನದ ಶುಂಠಿ ಸೋಡಾ

ಬಾಯಿ ಮುಚ್ಚಿಕೊಂಡಿದ್ದರೆ ಚಕ್ರಪಾಣಿಗೆ ಆ ಪಾಡು ಬರುತ್ತಿರಲಿಲ್ಲ. ಪರದೇಶದ ದೊಡ್ಡ ಊರೊಂದರಲ್ಲಿ, ಅಪ್ಪರ್ ಹಿಲ್‌ನ ಬ್ಯಾಂಕಿನಲ್ಲಿ ಅಂಕಿ ಅಂಶ ನೋಡುವ ಕೆಲಸ. ತಿಳಿದವರಿಗೆ ಸುಮ್ಮನಿರುವುದು ಕಷ್ಟ. ಶನಿವಾರ ಬೆಳಗ್ಗೆ, ಪಂಗಾನಿ ಬಡಾವಣೆಯ ತನ್ನ ಬಿಲ್ಡಿಂಗಿನ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬರೆದುಬಿಟ್ಟ: "ಸಕ್ಕರೆ ಪಾನೀಯಗಳ ಮೇಲೆ ತೆರಿಗೆ ಏರುವ ಲಕ್ಷಣವಿದೆ. ಬೆಲೆ ಏರಿದರೆ ಜನ ಕುಡಿಯುವುದು ತಾನಾಗಿ ಕಡಿಮೆಯಾಗುತ್ತದೆ."

ಗುಂಪಿನವರು ಅಷ್ಟು ದೂರ ಓದಲಿಲ್ಲ. 'ಬೆಲೆ ಏರಿದರೆ' ಎಂಬಲ್ಲಿಗೇ ಚೀಲ ಹಿಡಿದು ಅಂಗಡಿಗೆ ಓಡಿದರು.

ಚಕ್ರಪಾಣಿಗೆ ಇದು ತಿಳಿದದ್ದು ಮಧ್ಯಾಹ್ನ. ಅಂದು ಸಂಜೆ ಅನುರಾಧಾ ಬರುವವಳಿದ್ದಳು. ಅಮ್ಮನ ಮೊಣಕಾಲಿನ ಆಪರೇಷನ್ನಿಗೆಂದು ಮೈಸೂರಿಗೆ ಹೋದವಳು ಐದು ತಿಂಗಳು ಅಲ್ಲೇ ಉಳಿದಿದ್ದಳು. ಹೆಂಡತಿಯಿಲ್ಲದ ಮನೆ ಅವನಿಗೆ ಮನೆಯಂತಿರಲಿಲ್ಲ. ದಿನಾ ರಾತ್ರಿ ಅವಳ ದಿಂಬನ್ನೂ ಕೊಡವಿ ಪಕ್ಕದಲ್ಲಿಟ್ಟೇ ಮಲಗುತ್ತಿದ್ದ. ಫೋನಿನಲ್ಲಿ ಅವಳು ಕೇಳಿದ್ದು ಒಂದೇ.

"ರೀ, ಬಂದ ತಕ್ಷಣ ಆ ಗಾಜಿನ ಬಾಟ್ಲಿ ಶುಂಠಿ ಸೋಡಾ ಬೇಕು. ಗಂಟಲಲ್ಲಿ ಚುರ್ ಅನ್ನತ್ತಲ್ಲ, ಅದು. ಇಬ್ರೇ ಬಾಲ್ಕನೀಲಿ ಕೂತು ಕುಡಿಯೋಣ. ಬೇರೆ ಯಾರೂ ಬೇಡ."

ಆ ಕೊನೆಯ ಮಾತನ್ನು ಅವನು ವಾರವಿಡೀ ಮೆಲುಕು ಹಾಕಿದ್ದ.

ಮೂಲೆಯ ಅಂಗಡಿಯ ವಂಜಿರು ಉಳಿದಿದ್ದ ಒಂದೇ ಒಂದು ಬಾಟಲಿ ಎತ್ತಿ ತೋರಿಸಿ, "ಎಂಪ್ಟಿ?" ಎಂದಳು. ಖಾಲಿ ಬಾಟಲಿ ಕೊಡದವರಿಗೆ ತುಂಬಿದ ಬಾಟಲಿ ಮನೆಗೊಯ್ಯುವ ಭಾಗ್ಯವಿಲ್ಲ. ಚಕ್ರಪಾಣಿ ಎಷ್ಟು ಗೋಗರೆದರೂ "ಪೋಲೆ, ಪೋಲೆ" ಎಂದು ತನ್ನ ನುಡಿಯಲ್ಲಿ ಕನಿಕರಿಸಿದಳೇ ಹೊರತು ಬಾಟಲಿ ಬಿಡಲಿಲ್ಲ.

ಮನೆಯಲ್ಲಿದ್ದ ಒಂದೇ ಖಾಲಿ ಬಾಟಲಿಯಲ್ಲಿ ಮನಿ ಪ್ಲಾಂಟು ಬೇರುಬಿಟ್ಟು ಕುಳಿತಿತ್ತು. ಎಳೆದ, ಬರಲಿಲ್ಲ. ತಿರುಚಿದ, ಬಳ್ಳಿ ಬಂತು, ಬೇರು ಒಳಗೇ ಉಳಿಯಿತು. ಚಮಚದ ಹಿಡಿಯಿಂದ ಕೆದಕಿ, ಅಂಗಿಗೆಲ್ಲ ಪಾಚಿ ಬಳಿದುಕೊಂಡು, ಏದುಸಿರು ಬಿಡುತ್ತ ಅಂಗಡಿಗೆ ಓಡಿದರೆ ಉಳಿದಿದ್ದ ಆ ಒಂದು ಬಾಟಲಿಯೂ ಮಾರಿಹೋಗಿತ್ತು. ಒಯ್ದವರು ಮೇಲಿನ ಮನೆಯ ಬರ್ನಾರ್ಡ್.

ಅವನು ಮೇಲೆ ಹತ್ತಿಹೋದಾಗ ಮಂಗಳೂರಿನ ಬರ್ನಾರ್ಡ್ ಮಂಚದಡಿ ನಾಲ್ಕನೇ ಕ್ರೇಟು ತಳ್ಳುತ್ತಿದ್ದರು.

"ಎಂತ ಮಾರಾಯ್ರೆ, ರೇಟ್ ಜಾಸ್ತಿ ಆಗ್ತದೆ ಅಂತ ನೀವೇ ಹೇಳಿದ್ದಲ್ವಾ?"

"ಜನ ಕಡಿಮೆ ಕುಡೀತಾರೆ ಅಂತಲೂ ಹೇಳಿದ್ದೆ ಸಾರ್!"

"ಹೌದು, ಇದು ಮುಗಿದ ಮೇಲೆ ಕಮ್ಮಿ ಮಾಡುವಾ."

ಚಕ್ರಪಾಣಿ ಮಾನ ಬಿಟ್ಟು ವಿಷಯ ಹೇಳಿಕೊಂಡ. ಬರ್ನಾರ್ಡರ ಹೆಂಡತಿ ಕ್ರಿಸ್ಟೀನ್ ಹಿಗ್ಗಿ ಹೀರೇಕಾಯಿಯಾದರು. "ಅನುರಾಧಾ ಬರ್ತಾರಾ? ಹೇಳುದಲ್ವಾ! ಎರಡು ಬಾಟ್ಲಿ ತಕೊಳ್ಳಿ. ರಾತ್ರಿ ನಾವೆಲ್ಲ ಬರ್ತೇವೆ ನೋಡ್ಲಿಕ್ಕೆ."

"ಇವತ್ತು ಬೇಡ ಮೇಡಂ, ಅವಳಿಗೆ ಸುಸ್ತಾಗಿರತ್ತೆ..."

"ಅದಕ್ಕೇ ಊಟ ನಾನು ತರ್ತೇನೆ!"

ಬಾಟಲಿಗಳು ಕೈಗೆ ಬಂದಾಗಿತ್ತು. ಅವನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ.

ಟ್ಯಾಕ್ಸಿಯಿಂದ ಇಳಿದ ಅನುರಾಧಾಳನ್ನು ಕಂಡದ್ದೇ ಅವನು ಎದುರಿಗೆ ಓಡಿದ. ಹೇಳಬೇಕೆಂದಿದ್ದ ಮಾತೆಲ್ಲ ಮರೆತು ಸೂಟ್‌ಕೇಸು ಎತ್ತಿಕೊಂಡ. ಬಾಲ್ಕನಿಯಲ್ಲಿ ಕುಳಿತು ಅವಳು ಒಂದು ಗುಟುಕು ಕುಡಿದಳು. ಮುಖ ಕಿವುಚಿದಳು.

"ರೀ, ಇದಕ್ಕೆ ನೀರು ಬೆರೆಸಿದೀರಾ?"

ಚಕ್ರಪಾಣಿ ಬಾಟಲಿ ತಿರುಗಿಸಿ ನೋಡಿದ. 'ಹೊಸ ರುಚಿ, ಕಡಿಮೆ ಸಕ್ಕರೆ' ಎಂದು ಬರೆದಿತ್ತು. ತೆರಿಗೆಯ ಸುಳಿವು ಹಿಡಿದ ಕಂಪನಿ, ಬೆಲೆ ಏರಿಸುವ ಗೊಡವೆಯೇ ಬೇಡವೆಂದು ಸಕ್ಕರೆಯನ್ನೇ ಇಳಿಸಿಬಿಟ್ಟಿತ್ತು. ಬಿಲ್ಡಿಂಗಿನವರೆಲ್ಲ ಮುಗಿಬಿದ್ದು ಕೂಡಿಟ್ಟದ್ದು ನಾಳೆಯೂ ಇದೇ ಬೆಲೆಗೆ ಸಿಗುವ ಸಪ್ಪೆ ಸೋಡಾ.

"ಅಲ್ಲಿ ಇದನ್ನೇ ನೆನೆಸ್ಕೊಂಡು ದಿನ ತಳ್ಳಿದೆ ಕಣ್ರೀ," ಎಂದು ಅವಳು ಬಾಟಲಿ ಕೆಳಗಿಟ್ಟಳು. ಆಮೇಲೆ ಅವನ ಭುಜಕ್ಕೆ ತಲೆಯಾನಿಸಿದಳು. "ಹೋಗ್ಲಿ ಬಿಡಿ. ನೀವು ಹಾಗೇ ಇದೀರಲ್ಲ."

ಸೋಡಾ ಮನೆ ಹಾಳಾಗಲಿ, ಇಷ್ಟು ಸಾಕು ಎಂದುಕೊಂಡು ಚಕ್ರಪಾಣಿ ಕಣ್ಣು ಮುಚ್ಚಿದ.

ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಬರ್ನಾರ್ಡ್, ಕ್ರಿಸ್ಟೀನ್, ಹಿಂದೆ ಕ್ರೇಟು ಹೊತ್ತ ಇಡೀ ಗುಂಪು.

"ಸಪ್ಪೆ ಮಾರಾಯ್ರೆ! ನಿಮ್ಮ ಮಾತು ಕೇಳಿ ತಕೊಂಡದ್ದಲ್ವಾ, ನಿಮ್ಮಲ್ಲೇ ಕೂತು ಮುಗಿಸುವಾ!"

ಹೆಂಗಸರು ಬಾಲ್ಕನಿಗೆ ನುಗ್ಗಿ ಅನುರಾಧಾಳ ಎಡಬಲ ಕುಳಿತರು. ಚಕ್ರಪಾಣಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಒಂದೊಂದೇ ಬಾಟಲಿಯ ಮುಚ್ಚಳ ತೆಗೆಯುತ್ತ, ಅಷ್ಟು ತಲೆಗಳ ನಡುವೆ ಹೆಂಡತಿಯ ಮುಖ ಕಂಡೀತೇ ಎಂದು ಇಣುಕುತ್ತಲೇ ಇದ್ದ.