ಕೈಗೆ ಬಡ್ತಿ ಪಡೆದ ಕಾಲ್ಬೆರಳಿಗೆ

ನನ್ನ ಬಲಗೈಯ ಹೆಬ್ಬೆರಳಿನ ಸ್ಥಾನವನ್ನು ಅಲಂಕರಿಸಿರುವ ಮಾನ್ಯ ಕಾಲ್ಬೆರಳಿನವರ ಸನ್ನಿಧಾನಕ್ಕೆ, ಮುದಿ ಕ್ಷೌರಿಕನೊಬ್ಬ ತಲೆಬಾಗಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ಅಂಗಡಿಯ ಶಟರ್ ನನ್ನ ಹೆಬ್ಬೆರಳನ್ನು ನುಂಗಿದ ಮೇಲೆ, ಚಪ್ಪಲಿಯೊಳಗೆ ಧೂಳು ತಿಂದುಕೊಂಡು ಬಿದ್ದಿದ್ದ ತಮ್ಮನ್ನು ಡಾಕ್ಟರಮ್ಮನವರು ಎತ್ತಿ ತಂದು, ಸೂಕ್ಷ್ಮದರ್ಶಕದಲ್ಲಿ ನೋಡಿ ನೋಡಿ ರಕ್ತನಾಳಕ್ಕೆ ರಕ್ತನಾಳ ಹೊಲಿದು ಆ ಜಾಗದಲ್ಲಿ ಕೂರಿಸಿದರು. ಅರ್ಜಿ ಹಾಕದೆ, ಯಾರ ಕಾಲೂ ಹಿಡಿಯದೆ ಇಂಥ ಬಡ್ತಿ ಪಡೆದವರನ್ನು ನಾನು ಕಂಡಿಲ್ಲ.

ಬಂದವರು ಕೆಲಸಕ್ಕೆ ನಿಲ್ಲುವುದು ಬಿಟ್ಟು ಊದಿಕೊಂಡು ಕುಳಿತಿರಿ. ಕತ್ತರಿಯ ಹಿಡಿಯೊಳಗೆ ತಮ್ಮ ತಲೆ ತೂರುತ್ತಿಲ್ಲ. ದುಗ್ಧರಸವೆಂಬ ನೀರು ಒಳಗೇ ನಿಂತಿದೆಯಂತೆ. ಅದರ ನಾಳಗಳು ಕೂದಲಿಗಿಂತ ತೆಳುವಂತೆ, ಅವನ್ನು ಹೊಲಿದಿಲ್ಲವಂತೆ, ಆ ನಾಳಗಳೇ ದಾರಿ ಹುಡುಕಿಕೊಳ್ಳುವವರೆಗೆ ನಾನು ಕಾಯಬೇಕಂತೆ. ಕೂದಲಿನ ವಿಷಯ ನನಗೆ ಪಾಠ ಹೇಳುವ ಕಾಲ ಬಂತು.

ಕಾಯುವುದು ನನ್ನ ಜಾಯಮಾನದಲ್ಲಿಲ್ಲ. ನವಿರಾಗಿ ಸವರಿ ಎಂದು ಆಸ್ಪತ್ರೆಯಲ್ಲಿ ವ್ಯಾಯಾಮ ಕಲಿಸುವಾಕೆ ಹೇಳಿದ್ದರೂ, ಗಿರಾಕಿಗಳ ತಲೆ ತಿಕ್ಕುವ ವರಸೆಯಲ್ಲಿ ತಮ್ಮನ್ನು ಹಿಂಡಿಬಿಟ್ಟೆ. ಮರುದಿನ ತಾವು ಬದನೆಕಾಯಿಯಾದಿರಿ. ನನ್ನವಳು ನೋಡಿ, “ಅದೇನು ಗಿರಾಕಿ ತಲೆ ಅಂದ್ಕೊಂಡ್ರಾ? ಕೊಡಿ ಇತ್ತ, ಇನ್ನೊಂದ್ಸಲ ಮುಟ್ಟಿದ್ರೆ ನೋಡಿ” ಎಂದು ಕೈಯನ್ನು ದಿಂಬಿನ ಮೇಲೆ ಎತ್ತಿಟ್ಟು, ಅಂದಿನಿಂದ ತಾನೇ ಸವರುತ್ತಿದ್ದಾಳೆ. ಇಷ್ಟು ವರ್ಷದ ಸಂಸಾರದಲ್ಲಿ ನನ್ನ ಕೆನ್ನೆಗೂ ಸಿಗದ ಮರ್ಯಾದೆ ಅದು.

ಅತ್ತ ನನ್ನ ಕುರ್ಚಿಯ ಹಿಂದೆ ಅಳಿಯ ನಿಂತು ಎಲ್ಲರ ತಲೆಗೂ ಒಂದೇ ಮಷೀನು ಓಡಿಸುತ್ತಿದ್ದಾನೆ. ನಿವೃತ್ತ ಮೇಷ್ಟ್ರೊಬ್ಬರು ಮಾತ್ರ, “ನೀನೇ ಬಾರಯ್ಯ, ಕಾಯ್ತೀನಿ” ಎಂದು ಕೂದಲನ್ನು ಹೆಗಲಿಗೆ ಇಳಿಬಿಟ್ಟುಕೊಂಡು ಓಡಾಡುತ್ತಿದ್ದಾರೆ. ಅವರಿಗೂ ವಯಸ್ಸಾಯಿತು, ನನಗೂ ಆಯಿತು. ಇನ್ನು ಎಷ್ಟು ಕಟಿಂಗು ಉಳಿದಿದೆಯೋ ತಾವೇ ಯೋಚಿಸಿ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ ಒಳಗಿನ ನೀರನ್ನು ಭುಜದ ಕಡೆಗೆ ಸಾಗಹಾಕಬೇಕು. ಹಳೆಯ ಜಾಗಕ್ಕೆ ಮರಳುವ ಆಸೆಯಿದ್ದರೆ ಬಿಡಬೇಕು, ಅಲ್ಲಿ ಅಕ್ಕಪಕ್ಕದವರು ಆಗಲೇ ವಿಸ್ತರಿಸಿಕೊಂಡಿದ್ದಾರೆ. ಕೈಬೆರಳಿನ ಗತ್ತು ಬರುವ ಮೊದಲು ಕೈಬೆರಳಿನ ಕೆಲಸ ಬರಬೇಕು.

ತಮ್ಮನ್ನು ಹೊತ್ತು ತಿರುಗುತ್ತಿರುವ, ತಮ್ಮ ವಿಶ್ವಾಸಿ,
ಕತ್ತರಿಯಿಲ್ಲದ ಕ್ಷೌರಿಕ

ವಿ.ಸೂ.: ಅಕ್ಷರ ಸೊಟ್ಟಗಿದೆ, ಸಾಲು ಇಳಿದಿದೆ. ಇದಕ್ಕೆ ನನ್ನನ್ನು ಬೈಯುವಂತಿಲ್ಲ; ಮೊದಲಿನಿಂದ ಕೊನೆಯವರೆಗೆ ಪೆನ್ನು ಹಿಡಿದವರು ತಾವೇ. ತಮ್ಮ ಮೇಲಿನ ದೂರನ್ನು ತಾವೇ ಬರೆದುಕೊಟ್ಟವರು ಇನ್ನು ಕತ್ತರಿಗೆ ನೆಪ ಹೇಳಬಾರದು. ದೊಡ್ಡ ಹಿಡಿಯ ಕತ್ತರಿ ತರಿಸಿದ್ದೇನೆ. ನಾಳೆ ಮೇಷ್ಟ್ರು ಬರುತ್ತಾರೆ. ಅವರ ಕಿವಿಗಳ ಹೊಣೆ ತಮ್ಮದು.